ಮೌನಿ ದಳವಾಯಿ ಚಿಗಟೇರಿಗೆ ಬಂದದ್ದು

ಇದು ನಡೆದ ಕತೆ. ನಾನು ಹೀಗೆಂದ ಕೂಡಲೇ ಕೊಟ್ಟೂರಿನಲ್ಲಿ ನನ್ನನ್ನು ಬಲ್ಲವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ತಪ್ಪು ಅವರದಲ್ಲ. ನನ್ನ ಹೆಸರು ಪಾಲಾಕ್ಷ. ಓದಿದ್ದು ಕನ್ನಡ ಎಂ.ಎ.; ಊಟ ಗಂಟಲಿನಿಂದ. ಊಟ ಎಲ್ಲರಿಗೂ ಗಂಟಲಿನಿಂದಲೇ ಇಳಿಯುತ್ತದೆ ಅನ್ನಬೇಡಿ, ನನಗೆ ಅದು ಬರುವುದೂ ಗಂಟಲಿನಿಂದಲೇ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಬೀದಿಯಲ್ಲಿ ಮೈಕು ಕಟ್ಟಿಕೊಂಡು ಹೋಗುವ ಆಟೊಗಳಲ್ಲಿ 'ಬನ್ನಿ ತಾಯಂದಿರೇ, ಸೀರೆಗಳ ಸುರಿಮಳೆ' ಎಂದು ಕೂಗುವವನು ನಾನು. ಅದರ ಬೆನ್ನಿಗೇ 'ಅಯ್ಯೋ ಅಕ್ಕಾ, ಇಷ್ಟು ಅಗ್ಗಾನಾ?' ಎಂದು ಹೆಣ್ಣುದನಿಯಲ್ಲಿ ಬೆರಗಾಗುವವಳೂ ನಾನೇ. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ಕೆಮ್ಮನ್ನು ಎಷ್ಟು ಚೆನ್ನಾಗಿ ಕೆಮ್ಮುತ್ತಿದ್ದೆನೆಂದರೆ, ಒಮ್ಮೆ ಅವರ ಹೆಂಡತಿಯೇ ಕಷಾಯ ಕಳಿಸಿದ್ದರು.

ಅಂಥ ಗಂಟಲು ಒಮ್ಮೆ ಕೆಟ್ಟಿತು. ನೆಗಡಿಯಿಂದಲ್ಲ, ಗುರುಶಾಂತನಿಂದ.

ಗುರುಶಾಂತ ನನ್ನ ಗೆಳೆಯ, ಒಂದನೇ ಕ್ಲಾಸಿನಿಂದ. ಬಸ್ ಸ್ಟ್ಯಾಂಡಿನ ಹತ್ತಿರ ಅವನ ತಂದೆ ಕರಿಸಿದ್ದಪ್ಪನವರು ಕಟ್ಟಿದ ಹಾರ್ಡ್‌ವೇರ್ ಅಂಗಡಿಯಿದೆ. ಪೈಪು, ನಲ್ಲಿ, ಬೈಂಡಿಂಗ್ ವೈರು, ನೀರಿನ ಟ್ಯಾಂಕು. ವಯಸ್ಸು ಮೂವತ್ತಾರು. ಹಣೆಯ ಮೇಲೆ ವಿಭೂತಿ, ಕಿವಿಯಲ್ಲಿ ಪೆನ್ಸಿಲು. ಶಾಂತ ಎಂಬುದು ಅವನ ಹೆಸರಲ್ಲಷ್ಟೇ ಇದೆ. ಯಾವುದಾದರೂ ಕಾದಂಬರಿ ಸಿನಿಮಾ ಆಗುತ್ತಿದೆ ಎಂಬ ಸುದ್ದಿ ಬಂದರೆ ಸಾಕು, ಅರ್ಧ ಇಂಚಿನ ನಲ್ಲಿ ಕೇಳಿದವನಿಗೆ ಮುಕ್ಕಾಲು ಇಂಚಿನದು ಕೊಟ್ಟು ಕಳಿಸುತ್ತಾನೆ. ಪುಸ್ತಕವೊಂದು ಸಿನಿಮಾ ಆಗುವುದೆಂದರೆ ಅವನಿಗೆ ಮನೆಮಗಳ ಮದುವೆ. ಗಂಡಿನ ಕಡೆಯವರು ಹೇಗೆ ನೋಡಿಕೊಳ್ಳುತ್ತಾರೋ ಎಂಬ ಆತಂಕ ಒಂದು ಕಣ್ಣಲ್ಲಿ, ಕುಣಿದುಬಿಡುವ ಸಂಭ್ರಮ ಇನ್ನೊಂದರಲ್ಲಿ. ಥಿಯೇಟರಿಗೆ ಪುಸ್ತಕ ಒಯ್ಯುತ್ತಾನೆ. ಜತೆಗೊಂದು ಪುಟ್ಟ ಟಾರ್ಚು. ಕತ್ತಲಲ್ಲಿ ಪುಟ ತಿರುವಿ ಪೆನ್ಸಿಲಿನಿಂದ ಸರಿ-ತಪ್ಪು ಹಾಕುತ್ತಾ ಕೂರುತ್ತಾನೆ. ಹಿಂದಿನ ಸಾಲಿನವರು 'ಏ, ಟಾರ್ಚ್ ಆರ್ಸಲೇ' ಎಂದು ಬೈಯುವುದು ಅವನಿಗೆ ಹಿನ್ನೆಲೆ ಸಂಗೀತ.

ಅವನ ಪ್ರಾಣವಿದ್ದದ್ದು 'ಕಗ್ಗಲ್ಲ ಕೋಟೆ' ಎಂಬ ಐದು ಸಂಪುಟದ ಕಾದಂಬರಿಯಲ್ಲಿ. ಅದರಲ್ಲೊಬ್ಬ ಮೌನಿ ದಳವಾಯಿ ಬರುತ್ತಾನೆ. ಹಿಂದೊಮ್ಮೆ ಅವನು ಬಾಯ್ತಪ್ಪಿ ಆಡಿದ ಒಂದೇ ಮಾತಿಗೆ ಕೋಟೆಯ ಬಾಗಿಲು ವೈರಿಗೆ ತೆರೆದುಕೊಂಡುಬಿಟ್ಟಿರುತ್ತದೆ. ಅಂದಿನಿಂದ ಐದೂ ಸಂಪುಟ ಮುಗಿಯುವ ತನಕ ಅವನು ತುಟಿ ಬಿಚ್ಚುವುದಿಲ್ಲ. ಎಡಗೈ ಎತ್ತಿದರೆ ಸಾಕು, ಸೈನ್ಯ ನಿಲ್ಲುತ್ತದೆ.

ಈ ಕಾದಂಬರಿ ಸಿನಿಮಾ ಆಯಿತು. ಟ್ರೇಲರು ಬಂದ ದಿನ ಗುರುಶಾಂತ ಅಂಗಡಿಯಿಂದ ನನ್ನ ಮನೆಯವರೆಗೆ ಓಡಿ ಬಂದ, ಕೈಯಲ್ಲಿ ತೂಕದ ಬಟ್ಟು ಹಾಗೇ ಇತ್ತು.

"ನೋಡಲೇ ಪಾಲಾಕ್ಷ! ಪುಸ್ತಕದಾಗ ಎಡಗೈ ಐತಿ. ಇವ್ರು ಬಲಗೈ ಎತ್ತಿಸ್ಯಾರ!"

"ಎರಡೂ ಅವನ್ವ ಕೈ ಅಲ್ಲೇನಲೇ?"

"ಹಂಗಾರ ನಿನ್ನ ಎಡಗಾಲಿನ ಚಪ್ಲಿ ಬಲಗಾಲಿಗೆ ಹಾಕ್ಕೊಂಡು ಹರಪನಹಳ್ಳಿ ತನಕ ನಡಿ. ಆಮ್ಯಾಲೆ ಮಾತಾಡು." ಅಷ್ಟಕ್ಕೇ ನಿಲ್ಲಲಿಲ್ಲ. "ಅದೂ ಹೋಗ್ಲಿ. ದಳವಾಯಿ ಬಾಯಾಗ ಡೈಲಾಗ್ ಇಟ್ಟಾರಲೇ! ಮೌನಿ ದಳವಾಯಿ ಬಾಯಾಗ!"

ಹೌದು, ಇಟ್ಟಿದ್ದರು. ಟ್ರೇಲರಿನ ತುದಿಯಲ್ಲಿ ದಳವಾಯಿ ಕತ್ತಿ ಹಿರಿದು 'ನಾನು ಬಾಯಿ ಬಿಟ್ರೆ ಕೋಟೆನೇ ಬಾಯಿ ಬಿಡುತ್ತೆ!' ಎಂದು ಗರ್ಜಿಸುತ್ತಿದ್ದ. ನನಗಂತೂ ರೋಮಾಂಚನವಾಯಿತು. ಗುರುಶಾಂತನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಹೊಸ ಸುದ್ದಿ ಬಂತು: ಸಿನಿಮಾ ಬಿಡುಗಡೆಯ ಶುಕ್ರವಾರ ಹರಪನಹಳ್ಳಿಯ ಥಿಯೇಟರಿನಲ್ಲಿ ಅಭಿಮಾನಿಗಳ ವೇಷ ಸ್ಪರ್ಧೆ. ಗೆದ್ದ ಒಬ್ಬರಿಗೆ ಎರಡನೆಯ ಭಾಗದಲ್ಲಿ ಪಾತ್ರ. ದಳವಾಯಿಯ ಹಿಂದೆ ನಡೆಯುವ ಏಳು ಕಾವಲುಗಾರರಲ್ಲಿ ಮೊದಲನೆಯವನ ಪಾತ್ರ.

ಊಟ ಸೇರಿತು. ಎರಡೆರಡು ರೊಟ್ಟಿ ಹೆಚ್ಚು ಸೇರಿತು.

ವೇಷ ಮಾತ್ರ ಅವನಲ್ಲಿ ಎರಡು ವರ್ಷದಿಂದಲೇ ಸಿದ್ಧವಿತ್ತು. ಒಡೆದ ನೀರಿನ ಟ್ಯಾಂಕಿನ ಕರಿ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಬಗ್ಗಿಸಿದ ಎದೆಗವಚ, ಮೋಟಾರಿನ ಬೆಲ್ಟಿನ ನಡುಪಟ್ಟಿ, ಅದಕ್ಕೆ ಸಿಗಿಸಿದ ಪೈಪಿನ ಕತ್ತಿ, ಕೊರಳಿಗೆ ಸೈಕಲ್ ಚೈನು, ಬೆನ್ನಿಗೆ ಕೂಡ್ಲಿಗಿ ಸಂತೆಯ ಕರಿ ಕಂಬಳಿ, ಮುಖ ಮುಚ್ಚುವ ಶಿರಸ್ತ್ರಾಣಕ್ಕೆ ಅಜ್ಜಿಯ ಕಾಲದ ತಾಮ್ರದ ಹಂಡೆ. ಹಂಡೆಗೆ ಎರಡು ಕಣ್ಣು ಕೊರೆದದ್ದು ಗೊತ್ತಾದ ದಿನ ಅವನ ಹೆಂಡತಿ ಶೈಲಾ, ಹೈಸ್ಕೂಲಿನಲ್ಲಿ ಗಣಿತ ಹೇಳುವಾಕೆ, "ನೀರು ಕಾಯಾಕ ಇಟ್ರ ಒಲಿ ಆರ್ತೈತಿ, ತಲಿಗೆ ಹಾಕ್ಕೊಂಡ್ರ ಬುದ್ಧಿ ಸೋರ್ತೈತಿ, ಒಟ್ಟು ಯಾವುದಕ್ಕೂ ಬರದಂಗ ಮಾಡಿದ್ರಿ" ಎಂದಿದ್ದರು.

ಆದರೆ ಈ ವೇಷವನ್ನು ಅವನು ಹಾಕಿಕೊಳ್ಳುತ್ತಿದ್ದದ್ದು ಗೋದಾಮಿನೊಳಗೆ, ಶಟರು ಮುಕ್ಕಾಲು ಎಳೆದು. ನೋಡುವವನು ನಾನೊಬ್ಬನೇ. ಬೀದಿಗೆ ಬಾರಲೇ ಎಂದರೆ, "ಅಪ್ಪ ನೋಡಿದ್ರ? ಗಿರಾಕಿ ನೋಡಿದ್ರ? ಕರಿಸಿದ್ದಪ್ನ ಮಗ ಹಂಡೆ ಹಾಕ್ಕೊಂಡು ತಿರುಗ್ಯಾನ ಅಂದ್ರ?" ಎಂದು ಒಳಗೇ ಉಳಿಯುತ್ತಿದ್ದ. ಸ್ಪರ್ಧೆಗೆ ಫೋಟೊ ಸಮೇತ ಹೆಸರೇನೋ ಕೊಟ್ಟ. ದಿನ ಹತ್ತಿರ ಬಂದಂತೆ ಬೆವರಿದ. ಸೋಮವಾರ ನನಗೆ, "ಹೆಸರು ತೆಗ್ಸಿಬಿಡ್ಲೇನು?" ಎಂದ.

ಮಂಗಳವಾರ ನನ್ನ ಗಂಟಲು ತುರಿಸಿತು.

ಮೈಕಿನ ಆಟೊದವನ ಫೋನು ಇಸಿದುಕೊಂಡು, ಮೂಗನ್ನು ಕೊಂಚ ಮುಚ್ಚಿ, ಬೆಂಗಳೂರಿನ ದನಿಯೊಂದನ್ನು ಹೊರತೆಗೆದೆ. "ಹಲೋ, ಗುರುಶಾಂತ ಅವರಾ? ನಾನು 'ಕಗ್ಗಲ್ಲ ಕೋಟೆ' ಚಿತ್ರದ ಸಹನಿರ್ದೇಶಕ ಮಾತಾಡ್ತಿರೋದು. ನಿಮ್ಮ ಫೋಟೊ ನೋಡಿದ್ವಿ. ಅದ್ಭುತ. ಆದ್ರೆ ಒಂದು ಗುಪ್ತ ಸುತ್ತು ಇದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಪೂರ್ತಿ ವೇಷದಲ್ಲಿ ಚಿಗಟೇರಿ ಊರೊಳಗೆ ನಡೀಬೇಕು. ನಮ್ಮ ಕ್ಯಾಮೆರಾ ಎಲ್ಲೋ ಇರುತ್ತೆ. ಒಂದು ಮಾತು ಆಡಿದ್ರೂ ಔಟ್. ಶುಕ್ರವಾರ ಸ್ಪರ್ಧೆ ಮುಗಿಯೋವರೆಗೂ ಮೌನ. ಮನೇಲೂ, ಅಂಗಡೀಲೂ. ಒಪ್ಪಿಗೆನಾ?"

ಆ ಕಡೆಯಿಂದ ಉಸಿರಷ್ಟೇ ಬಂತು. ಮೌನ ಆಗಲೇ ಶುರುವಾಗಿತ್ತು.

ಬುಧವಾರ ನಾನು ಮುಂಚೆಯೇ ಬೈಕಿನಲ್ಲಿ ಚಿಗಟೇರಿಗೆ ಹೋಗಿ ಚಹಾದಂಗಡಿಯ ಬೆಂಚು ಹಿಡಿದೆ. ಹತ್ತು ಗಂಟೆಗೆ ಸರಿಯಾಗಿ ಊರ ಬಾಗಿಲಲ್ಲಿ ಲಗೇಜ್ ಆಟೊ ನಿಂತು, ಕರಿ ಟ್ಯಾಂಕೊಂದು ಇಳಿದು, ಹಂಡೆ ತಲೆಗೇರಿಸಿಕೊಂಡು, ಕಂಬಳಿ ಕೊಡವಿ ಎರಡು ಕಾಲ ಮೇಲೆ ನಡೆಯತೊಡಗಿತು. ನನ್ನ ಹೊಟ್ಟೆ ಹುಣ್ಣಾಗುವ ಮುಹೂರ್ತ ಎಂದುಕೊಂಡೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಒಂದಿತ್ತು. ಆ ವಾರ ಚಿಗಟೇರಿಯಲ್ಲಿ ಹಗಲುವೇಷದವರು ಬೀಡುಬಿಟ್ಟಿದ್ದರು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಣ್ಣ ಬಳಿದುಕೊಂಡು, ಹಾರ್ಮೋನಿಯಂ, ತಬಲ ಕಟ್ಟಿಕೊಂಡು ಹಾಡ ಹಗಲಲ್ಲಿ ಮನೆ ಮನೆಯ ಮುಂದೆ ನಿಂತು ಆಡುತ್ತಾರೆ. ಇವತ್ತು ದೇವರು, ನಾಳೆ ರಾಕ್ಷಸ, ನಾಡಿದ್ದು ರಾಜ. ಕೊನೆಯ ದಿನ ಬಣ್ಣವಿಲ್ಲದೆ ಬಂದು ಕಾಳುಕಡಿ ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ಗುರುಶಾಂತ ಬೀದಿಗೆ ಕಾಲಿಟ್ಟಾಗ ಊರವರಿಗೆ ಅನುಮಾನವೇ ಬರಲಿಲ್ಲ. ನಗುವುದಿರಲಿ, ಯಾರೂ ಹುಬ್ಬೂ ಏರಿಸಲಿಲ್ಲ. ಇವತ್ತಿನ ವೇಷ ಬಂತು ಎಂದುಕೊಂಡರು, ಅಷ್ಟೇ.

ಮೊದಲ ಮನೆಯ ಮೈಲಮ್ಮಜ್ಜಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಬಾರಪ್ಪಾ. ಇವತ್ತು ಯಾವ ವೇಷ? ಯಮನೇನು?"

ದಳವಾಯಿ ಎದೆ ಸೆಟೆಸಿ ನಿಂತ.

"ಅಲ್ಲ ಬಿಡಬೇ, ಯಮಗ ಕೋಣ ಇರ್ತೈತಿ," ಎಂದಳು ಪಕ್ಕದ ಮನೆಯಾಕೆ. "ಇವ ಬೋರ್‌ವೆಲ್ಲಿನವ ಇರಬೇಕು. ನಡುವಿಗೆ ಪೈಪು ಸಿಗಿಸ್ಕೊಂಡಾನ ನೋಡು."

"ಬೋರ್‌ವೆಲ್ಲಿನವನ ವೇಷ ಯಾರರ ಹಾಕ್ತಾರೇನ? ಕರೆಂಟಿನವ ಇವ. ಶಾಕ್ ಹೊಡೀಬಾರ್ದಂತ ಪ್ಲಾಸ್ಟಿಕ್ ಹಾಕ್ಕೊಂಡಾನ," ಎಂದಳು ಎದುರು ಮನೆಯಾಕೆ.

"ಒಂದು ಪದ ಹಾಡೋ ತಮ್ಮಾ. ಯಾಕ, ಗಂಟ್ಲು ಕಟ್ಟೈತೇನು? ಅಯ್ಯ ಪಾಪ, ಬಿಸಲಾಗ ತಿರುಗಿ ತಿರುಗಿ..." ಎನ್ನುತ್ತಾ ಮೈಲಮ್ಮಜ್ಜಿ ಮೊರದ ತುಂಬ ಜೋಳ ತಂದು ಅವನ ಕಂಬಳಿಯ ಸೆರಗಿಗೆ ಸುರಿದುಬಿಟ್ಟಳು. ಬೇಡ ಎನ್ನಲು ಬಾಯಿಲ್ಲ. ತಲೆಯಾಡಿಸಿದರೆ ಹಂಡೆ ಗಿರ್ರೆಂದು ತಿರುಗಿ ಕಣ್ಣಿನ ತೂತು ಕಿವಿಯ ಹತ್ತಿರ ಹೋಗುತ್ತದೆ. ಅಲ್ಲದೆ ವೇಷದವನು ಮನೆಯವರು ಕೊಟ್ಟ ಕಾಳು ಬೇಡವೆನ್ನುವುದು ಮನೆಗೇ ಅವಮಾನ. ಕೊಟ್ಟೂರಿನ ಹೆಸರಾಂತ ಅಂಗಡಿಯ ಒಡೆಯ ಜೋಳ ಹೊತ್ತು ಮುಂದಿನ ಮನೆಗೆ ನಡೆದ. ಅಲ್ಲಿ ಸಜ್ಜೆ. ಅದರಾಚೆ ಒಂದು ತೆಂಗಿನಕಾಯಿ, ಒಂದು ಹಳೇ ಧೋತರ. ಬೆಂಚಿನ ಮೇಲೆ ನಾನು ಚಹಾ ಮೂಗಿಗೇರಿಸಿಕೊಂಡು ನಗುತ್ತಿದ್ದೆ.

ಆಗ ಬೀದಿಯ ಆ ತುದಿಯಲ್ಲಿ ಹಾರ್ಮೋನಿಯಂ ಕೇಳಿಸಿತು.

ನಿಜವಾದ ವೇಷ ಬಂತು. ಮೇಳದ ಹಿರಿಯ ಹುಲುಗಪ್ಪ, ಅರವತ್ತರ ಆಳು, ಅವತ್ತು ರಾಜನ ವೇಷ. ಜರಿ ಅಂಗಿ, ಕಾಡಿಗೆ ಮೀಸೆ, ಮರದ ಕತ್ತಿ. ಹಿಂದೆ ವಾದ್ಯದವರಿಬ್ಬರು. ಒಂದು ಮೇಳ ಊರಲ್ಲಿ ವೇಷ ಇಟ್ಟಿದ್ದರೆ ಇನ್ನೊಂದು ಮೇಳ ಕಾಲಿಡಬಾರದು. ಅದು ಅವರವರಲ್ಲಿನ ಕಟ್ಟಳೆ. ಗುರುಶಾಂತನ ಕಂಬಳಿಯಲ್ಲಿದ್ದ ಜೋಳವನ್ನು ಕಂಡು ಹುಲುಗಪ್ಪನ ಕಣ್ಣು ಕೆಂಪಾಯಿತು. ಆದರೆ ಇನ್ನೂ ಒಂದು ಕಟ್ಟಳೆಯಿತ್ತು: ಬಣ್ಣದಲ್ಲಿರುವವನು ಬಣ್ಣದಲ್ಲಿರುವವನನ್ನು ಬೈಯುವಂತಿಲ್ಲ, ಏನಿದ್ದರೂ ಪಾತ್ರದ ಬಾಯಲ್ಲೇ ಕೇಳಬೇಕು. ಹುಲುಗಪ್ಪ ಕತ್ತಿ ಎತ್ತಿದ.

"ಎಲೈ ಕರಿಯ ಕವಚದವನೇ! ನಮ್ಮ ಅಪ್ಪಣೆಯಿಲ್ಲದೆ ಈ ಪಟ್ಟಣವನ್ನು ಹೊಕ್ಕ ನೀನಾರು? ನಿನ್ನ ನಾಡಾವುದು? ನಿನ್ನ ದೊರೆಯಾರು? ಬೇಗನೆ ಬೊಗಳುವಂಥವನಾಗು!"

ತಬಲ ಗುಡುಗಿತು. ಮನೆಗಳಿಂದ ಜನ ಹೊರಬಿದ್ದರು. ನಾನು ಚಹಾ ಕೆಳಗಿಟ್ಟೆ.

ದಳವಾಯಿ ನಿಧಾನಕ್ಕೆ ಎಡಗೈ ಎತ್ತಿದ. ತಬಲ ತಾನಾಗಿ ನಿಂತಿತು.

"ಹೋ!" ಎಂದರು ಜನ. ಯಾರೋ ಸಿಳ್ಳೆ ಹೊಡೆದರು.

ಹುಲುಗಪ್ಪನಿಗೆ ತಬ್ಬಿಬ್ಬಾಯಿತು. ನಲವತ್ತು ವರ್ಷದಲ್ಲಿ ಅವನ ಮಾತಿಗೆ ಮಾತು ಬಾರದೆ ಇದ್ದದ್ದಿಲ್ಲ. ಮತ್ತೆ ಕೇಳಿದ, ಇನ್ನೂ ಜೋರಾಗಿ. ಮತ್ತೆ ಎಡಗೈ. ಮೂರನೆಯ ಸಲ ಹತ್ತಿರ ಬಂದು, ಹಂಡೆಗೆ ಬಾಯಿ ಹಚ್ಚಿ, ಪಾತ್ರ ಬಿಟ್ಟು ಪಿಸುಗುಟ್ಟಿದ: "ಯಾವ ಮ್ಯಾಳದವನಲೇ ನೀನು? ಯಾರನ್ನ ಕೇಳಿ ನಮ್ಮ ಊರು ಹೊಕ್ಕಿ?" ತಬಲದವನು ತಬಲ ಕೆಳಗಿಟ್ಟು ತೋಳು ಮಡಚುತ್ತಿದ್ದ.

ನನ್ನ ನಗು ಎಲ್ಲಿ ಹೋಯಿತೋ. ಓಡಿ ನಡುವೆ ನಿಂತೆ.

"ಹುಲುಗಪ್ಪಣ್ಣ, ತಪ್ಪು ನಂದು! ಇವ ಮ್ಯಾಳದವ ಅಲ್ಲ, ಕೊಟ್ಟೂರು ಹಾರ್ಡ್‌ವೇರಿನವ, ಸಿನಿಮಾದ ಮೌನಿ ದಳವಾಯಿ ವೇಷ ಹಾಕ್ಯಾನ. ನಾನಽ ಫೋನ್ ಮಾಡಿ ತಮಾಸಿ ಮಾಡೀನಿ. ಲೇ ಗುರು, ಅದು ನಾನಲೇ! ಕೇಳು: 'ನಾನು ಚಿತ್ರದ ಸಹನಿರ್ದೇಶಕ ಮಾತಾಡ್ತಿರೋದು, ಒಂದು ಗುಪ್ತ ಸುತ್ತು ಇದೆ...' ಕೇಳಿದೇನು? ಅದಽ ದನಿ! ಈಗರ ಬಾಯಿ ಬಿಡು, ಹೊಡೀತಾರ!"

ಹಂಡೆಯ ತೂತುಗಳಲ್ಲಿ ಎರಡು ಕಣ್ಣು ನನ್ನನ್ನೇ ನೋಡಿದವು. ಅವನ ಭುಜ ಅಲುಗತೊಡಗಿದವು, ಕೊರಳ ಚೈನು ಝಲ್ಲೆಂದಿತು. ಅಳುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಅವನು ನನ್ನತ್ತ ಎಡಗೈ ಎತ್ತಿ, ನಿಲ್ಲು ಎಂಬಂತೆ ಹಿಡಿದು, ಬಾಯಿ ಬಿಡದೆ ತಿರುಗಿಬಿಟ್ಟ. ನನಗೆ ಹೊಳೆಯಿತು: ಇವನು ನಂಬಿಲ್ಲ! ಮಾತಾಡಿಸಿ ಔಟ್ ಮಾಡಿಸಲು ಸಿನಿಮಾದವರೇ ನನ್ನನ್ನು ಕಳಿಸಿದ್ದಾರೆ ಎಂದುಕೊಂಡಿದ್ದಾನೆ. ಹಾಕಿದ ಗಂಟನ್ನು ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯುತ್ತಿತ್ತು.

ಅವನು ಮಾಡಿದ ಮುಂದಿನ ಕೆಲಸವನ್ನು ನಾನು ನಿರೀಕ್ಷಿಸಿರಲಿಲ್ಲ. ಹುಲುಗಪ್ಪನ ಮುಂದೆ ಮಂಡಿಯೂರಿ, ಕಂಬಳಿಯಲ್ಲಿದ್ದ ಜೋಳ, ಸಜ್ಜೆ, ಕಾಯಿ, ಧೋತರ ಎಲ್ಲವನ್ನೂ ಅವನ ಜೋಳಿಗೆಗೆ ಸುರಿದ. ನಿಮ್ಮ ಊರಿನ ಕಾಳು ನಿಮಗೆ ಎಂಬಂತೆ. ಹುಲುಗಪ್ಪನ ಕಾಡಿಗೆ ಮೀಸೆಯ ಕೆಳಗೆ ತುಟಿ ಸಡಿಲವಾಯಿತು. ಅವನು ಗುರುಶಾಂತನ ಸುತ್ತ ಒಂದು ಸುತ್ತು ಬಂದು, ಎದೆಗವಚವನ್ನು ಬೆರಳಿನಿಂದ ತಟ್ಟಿ ನೋಡಿದ.

"ವೇಷ ಭಾಳ ಚಲೋ ಐತಿ. ಸುಳ್ಳು ಹೇಳಬಾರ್ದು. ಆದ್ರ ತಮ್ಮಾ, ಮೈ ಅಷ್ಟಽ ಕ್ವಾಟಿ ಒಳಗ ಬಂದೈತಿ. ಕಾಲು ಇನ್ನಾ ಅಂಗಡ್ಯಾಗ ಅದಾವ. ಗಲ್ಲಾಪೆಟ್ಟಿಗಿ ಕಡಿ ಹೋಗೋನಂಗ ನಡೀತಿ. ಸೇನಾಪತಿ ಹಂಗ ನಡಿಯಾಂಗಿಲ್ಲ. ನೆಲ ಅವನ್ನ ಕರೀಬೇಕು, ಅವ ತಡದು ಹೋಗಬೇಕು. ನೋಡಿಲ್ಲಿ."

ನಡೆದು ತೋರಿಸಿದ. ಹಿಮ್ಮಡಿ ಮೊದಲು, ಆಮೇಲೆ ಅಂಗಾಲು, ಆಮೇಲೆ ಒಂದು ಉಸಿರು. ಗುರುಶಾಂತ ಹಿಂದೆ ನಡೆದ. ತಪ್ಪಿತು. ಮತ್ತೆ ನಡೆದ. ಮೈಲಮ್ಮಜ್ಜಿಯ ಮನೆಯಿಂದ ಶಾಲೆಯವರೆಗೆ, ಶಾಲೆಯಿಂದ ಮೈಲಮ್ಮಜ್ಜಿಯ ಮನೆಯವರೆಗೆ, ಮಧ್ಯಾಹ್ನದ ತನಕ. ಊರವರು ಕಟ್ಟೆಯ ಮೇಲೆ ಕೂತು 'ಎಡಗಾಲು ಜಲ್ದಿ ಆತು', 'ಈಗ ಬಂತು ನೋಡು' ಎಂದು ತೀರ್ಪು ಕೊಡುತ್ತಿದ್ದರು. ಗೋದಾಮಿನ ಶಟರು ಮುಕ್ಕಾಲು ಎಳೆದುಕೊಳ್ಳುತ್ತಿದ್ದ ಗೆಳೆಯ ಇವನೇ ಹೌದೋ ಎಂದು ನಾನು ಬಾಯಿ ತೆರೆದು ನೋಡಿದೆ.

ಗುರುವಾರ ನನಗೆ ನರಕ. ಅಂಗಡಿಯಲ್ಲಿ ಗುರುಶಾಂತ ವಿಭೂತಿ, ಪೆನ್ಸಿಲಿನ ಮಾಮೂಲಿ ವೇಷದಲ್ಲಿದ್ದ, ಆದರೆ ತುಟಿ ಬಿಚ್ಚಲಿಲ್ಲ. ಗಿರಾಕಿ ಕೇಳಿದ ಪೈಪಿನ ಅಳತೆಯನ್ನು ಬೆರಳಿನಲ್ಲಿ ತೋರಿಸುತ್ತಿದ್ದ. ಕರಿಸಿದ್ದಪ್ಪನವರು ಮಾತ್ರ ಖುಷಿಯಲ್ಲಿದ್ದರು: "ಮೂವತ್ತಾರು ವರ್ಷದಾಗ ಮೊದಲ್ನೇ ಸಲ ನನಗ ಎದುರು ಮಾತಾಡಿಲ್ಲ ನೋಡಪಾ." ನಾನು ಮತ್ತೆ ಸಹನಿರ್ದೇಶಕನಾಗಿ ಫೋನು ಮಾಡಿ, 'ನಿಯಮ ಬದಲಾಗಿದೆ, ದಯವಿಟ್ಟು ಮಾತಾಡಿ' ಎಂದೆ. ಪೂರ್ತಿ ಕೇಳಿಸಿಕೊಂಡು ಇಟ್ಟುಬಿಟ್ಟ. ಸಂಜೆ ಶೈಲಾ ನಮ್ಮ ಮನೆಗೇ ಬಂದರು.

"ಪಾಲಾಕ್ಷಣ್ಣ, ಇವ್ರು ಅನ್ನ ಬೇಕಂದ್ರ ಎಡಗೈ ಎತ್ತತಾರ. ಸಾಕಂದ್ರೂ ಎಡಗೈ ಎತ್ತತಾರ. ಬಡಿಸಿ ಬಡಿಸಿ ಗಡಿಗಿ ಖಾಲಿ ಆತು. ನಾಳಿ ಸ್ಪರ್ಧಾದಾಗ ಡೈಲಾಗ್ ಹೇಳಾಕಽ ಬೇಕಂತ, ಕಂಪನಿಯವ್ರು ಮೆಸೇಜ್ ಕಳ್ಸ್ಯಾರ. ಇವ್ರು ಹೇಳದಿದ್ರ ಪಾತ್ರ ಹೋತು. ಎರಡು ವರ್ಷ ಆ ದಳವಾಯಿದಽ ಧ್ಯಾನ ಮಾಡ್ಯಾರ. ಈ ಪಾತ್ರ ತಪ್ಪಿದ್ರ ನಿಮ್ಮ ಗಂಟ್ಲಾಗ ಅದಽ ಹಂಡೆ ಹಾಕತೀನಿ."

ರಾತ್ರಿ ನಿದ್ದೆ ಬರಲಿಲ್ಲ ಎಂದಷ್ಟೇ ಹೇಳಿದರೆ ಸಾಕು.

ಶುಕ್ರವಾರ ಹರಪನಹಳ್ಳಿಯ ಥಿಯೇಟರು ಕಿಕ್ಕಿರಿದಿತ್ತು. ಹಗರಿಬೊಮ್ಮನಹಳ್ಳಿಯಿಂದ ಬಂದ ಕಾಲೇಜು ಹುಡುಗಿಯರು ನಾಲ್ಕು ಜನ ಒಬ್ಬಳೇ ರಾಣಿಯಾಗಿದ್ದರು. ಒಬ್ಬಳದು ಕಿರೀಟ, ಉಳಿದವರದು ಸೆರಗು. ತೆಲಿಗಿಯ ಒಬ್ಬ ಮಹರಾಯ ರಟ್ಟು ಕಟ್ಟಿಕೊಂಡು ಕೋಟೆಯ ಬಾಗಿಲೇ ಆಗಿ ಬಂದಿದ್ದ. ಥಿಯೇಟರಿನ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದ್ದ. ಬಾಗಿಲೊಳಗೆ ಬಾಗಿಲು ಹೋಗಲಿಲ್ಲ ಎಂದು ನಗಬೇಕಾದ ನಾನು ಉಗುರು ಕಚ್ಚುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಶೈಲಾ. ಅವರ ಪಕ್ಕದಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ನನಗೆ ನಮಸ್ಕರಿಸಿದರು. ಶಿಷ್ಯನನ್ನು ನೋಡಲು ಬಂದ, ಬಣ್ಣವಿಲ್ಲದ ಹುಲುಗಪ್ಪ! ಗುರುತೇ ಸಿಕ್ಕಿರಲಿಲ್ಲ.

ತೀರ್ಪು ಕೊಡಲು ಬಂದಿದ್ದವರು ಕಂಪನಿಯ ವೇಷಭೂಷಣ ವಿಭಾಗದ ಸುಮಲತಾ. ಒಬ್ಬೊಬ್ಬರೇ ಪರದೆಯ ಮುಂದೆ ಬಂದು ಗರ್ಜಿಸಿದರು. ಹಡಗಲಿಯ ಕುಸ್ತಿ ಹುಡುಗ ಮಾರೇಶ್ 'ನಾನು ಬಾಯಿ ಬಿಟ್ರೆ' ಎಂದ ರಭಸಕ್ಕೆ ಫ್ಯಾನಿನ ಮೇಲಿದ್ದ ಪಾರಿವಾಳ ಹಾರಿತು.

ಕೊನೆಗೆ ಗುರುಶಾಂತ. ಅವನು ವೇದಿಕೆಯಿಂದ ಬರಲಿಲ್ಲ. ಹಿಂಬಾಗಿಲಿನಿಂದ ನಡುದಾರಿ ಹಿಡಿದು ಬಂದ. ಹಿಮ್ಮಡಿ, ಅಂಗಾಲು, ಒಂದು ಉಸಿರು. ಹಿಮ್ಮಡಿ, ಅಂಗಾಲು, ಒಂದು ಉಸಿರು. ಮಂಡಕ್ಕಿ ಜಗಿಯುವ ಸದ್ದು ಸಾಲು ಸಾಲಾಗಿ ನಿಂತುಹೋಯಿತು. ಹುಲುಗಪ್ಪ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಪರದೆಯ ಮುಂದೆ ಬಂದು ತಿರುಗಿ ನಿಂತ ದಳವಾಯಿ.

"ಅಬ್ಬಾ," ಎಂದರು ಸುಮಲತಾ. "ಈ ಕವಚ ಯಾವುದ್ರಲ್ಲಿ ಮಾಡಿದ್ದು ಸರ್? ಇರಲಿ, ಡೈಲಾಗ್ ಹೇಳಿ."

ಎಡಗೈ ಮೇಲೇರಿತು.

"ಸರ್, ಒಂದೇ ಸಾಲು. ಮಾರ್ಕ್ಸ್ ಹಾಕೋ ಜಾಗ ಖಾಲಿ ಇದೆ. ಹೇಳಿದ್ರೆ ನಿಮಗೇ ಕೊಡಬೇಕು ಅನ್ನಿಸ್ತಿದೆ."

ಎಡಗೈ ಅಲ್ಲೇ ಇತ್ತು. ಹಿಂದಿನಿಂದ 'ಮೂಗೇನಲೇ?' ಎಂದು ಯಾರೋ ಕೂಗಿದರು. ಶೈಲಾ ನನ್ನ ಮೊಣಕೈ ಚಿವುಟಿದರು. ಎಲ್ಲ ನನ್ನಿಂದ. ಎರಡು ವರ್ಷದ ಧ್ಯಾನ ನನ್ನ ಒಂದು ಫೋನಿನಿಂದ ಮಣ್ಣಾಗುತ್ತಿದೆ. ನನ್ನಲ್ಲಿದ್ದದ್ದು ಒಂದೇ ಆಸ್ತಿ. ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು, ಗುರುಶಾಂತನದೇ ದನಿ ತೆಗೆದೆ. ಮೂವತ್ತು ವರ್ಷದಿಂದ ಕೇಳಿದ ದನಿ, ಹಂಡೆಯೊಳಗಿನ ಮಾರ್ದನಿಯನ್ನೂ ಸೇರಿಸಿ:

"ನಾನು ಬಾಯಿ ಬಿಟ್ರೆ ಕೋಟೆನೇ ಬಾಯಿ ಬಿಡುತ್ತೆ!"

ಥಿಯೇಟರು ಸಿಡಿಯಿತು. ಸಿಳ್ಳೆ, ಚಪ್ಪಾಳೆ. ಸುಮಲತಾ ನಗುತ್ತಾ ಪೆನ್ನು ಎತ್ತಿಕೊಂಡರು.

ದಳವಾಯಿ ಎರಡೂ ಕೈಯಿಂದ ಹಂಡೆಯನ್ನು ಹಿಡಿದುಕೊಂಡು, ಅದು ತಿರುಗದಂತೆ, ಅಲ್ಲ ಅಲ್ಲ ಎಂದು ತಲೆಯಾಡಿಸಿದ. ಆಮೇಲೆ ನೇರವಾಗಿ ನನ್ನತ್ತ ಬೆರಳು ತೋರಿಸಿದ. ಕರವಸ್ತ್ರ ನನ್ನ ಬಾಯಿಯ ಮೇಲೇ ಇತ್ತು. ಚಪ್ಪಾಳೆ ಸೋರಿಹೋಯಿತು. ಸುಮಲತಾ ಅವನನ್ನೇ ತುಸುಹೊತ್ತು ನೋಡಿ, ಪೆನ್ನು ಕೆಳಗಿಟ್ಟರು.

ಪಾತ್ರ ಮಾರೇಶನಿಗೆ ಹೋಯಿತು.

ಸಿನಿಮಾ ನೋಡಿದೆನೋ ಬಿಟ್ಟೆನೋ ನೆನಪಿಲ್ಲ. ಮುಗಿದ ಮೇಲೆ ಹೊರಗಿನ ಮಿರ್ಚಿ ಬಜ್ಜಿ ಅಂಗಡಿಯ ಹತ್ತಿರ ಎಲ್ಲರೂ ನಿಂತೆವು. ಗುರುಶಾಂತ ಹಂಡೆ ತೆಗೆದು ಬಗಲಲ್ಲಿ ಇಟ್ಟುಕೊಂಡಿದ್ದ. ನಾನು ಅವನ ಎರಡೂ ಕೈ ಹಿಡಿದೆ.

"ಗುರು, ನಿನ್ನ ಪಾತ್ರ ನಾನಽ ತಿಂದೆ. ಫೋನ್ ಮಾಡಿದ್ದು ನಾನು. ದೇವರಾಣಿ ನಾನು. ನೀನು ನಂಬಲಿಲ್ಲ. ಸ್ಪರ್ಧಾ ಮುಗೀತು, ಈಗರ ಬಾಯಿ ಬಿಡೋ. ಬೈಯಿ. ಹೊಡಿ."

ಅವನು ನನ್ನ ಮುಖವನ್ನೇ ನೋಡಿದ. ಭುಜ ಅಲುಗಿದವು. ಚೈನು ಝಲ್ಲೆಂದಿತು. ಆಮೇಲೆ ಮೂರು ದಿನ ಕಟ್ಟಿಹಾಕಿದ್ದ ಸದ್ದು ಒಮ್ಮೆಲೇ ಹೊರಬಿತ್ತು. ಅವನು ನಗುತ್ತಿದ್ದ!

"ಚಿಗಟೇರಿಯಾಗ ನೀನು ಬಾಯಿ ಬಿಟ್ಟ ಕೂಡಲೇ ನಂಬೀನಲೇ! ಅಲ್ಲಿ ನಾನು ಅತ್ತೆ ಅಂದ್ಕೊಂಡೇನು? ಹಂಡೆ ಒಳಗ ನಕ್ಕು ನಕ್ಕು ಉಸಿರು ಕಟ್ಟಿತ್ತು!"

"ಮತ್ತ... ಗುರುವಾರ?"

"ಅದು ನಿನ್ನ ತಮಾಸಿಗೆ ನನ್ನ ತಮಾಸಿ. ಶೈಲಾಗ ಬುಧವಾರ ಸಂಜಿನಽ ಚೀಟಿ ಬರದು ಕೊಟ್ಟಿದ್ದೆ."

ಶೈಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲುಗುತ್ತಿದ್ದರು. "ಗಡಿಗಿ ಖಾಲಿ ಆಗಿದ್ದು ಖರೇನ ರಿ," ಎಂದರು.

"ಗೊತ್ತಿದ್ರೂ ಒಳಗ ಯಾಕ ಮಾತಾಡಲಿಲ್ಲ? ಪಾತ್ರ ಬೇಡಾಗಿತ್ತೇನು?"

ಗುರುಶಾಂತ ನಗು ನಿಲ್ಲಿಸಿ, ಬಹಳ ದಿನದಿಂದ ತೂಗಿಟ್ಟ ಮಾತಿನಂತೆ ಹೇಳಿದ: "ಬೇಕಾಗಿತ್ತಲೇ. ಭಾಳ ಬೇಕಾಗಿತ್ತು. ಆದ್ರ ಪುಸ್ತಕದಾಗ ದಳವಾಯಿ ಮಾತಾಡಂಗಿಲ್ಲ. ಅವನ ವೇಷ ಹಾಕ್ಕೊಂಡು ನಾನು ಬಾಯಿ ಬಿಟ್ರ, ಐದು ಸಂಪುಟ ಸುಮ್ನ ಇದ್ದವ ಏನಂದ್ಕೊಂಡಾನು?" ಆಮೇಲೆ ನನ್ನ ಬೆನ್ನಿಗೆ ಗುದ್ದಿದ. "ನೀನು ತಮಾಸಿ ಮಾಡಿರಲಿಲ್ಲ ಅಂದ್ರ ನಾನು ಇವತ್ತೂ ಗೋದಾಮಿನ್ಯಾಗ ಇರ್ತಿದ್ದೆ. ಹೆಸರು ತೆಗ್ಸಿ, ಶಟರ್ ಎಳಕೊಂಡು."

ಹುಲುಗಪ್ಪ ಮಿರ್ಚಿ ಹಂಚಿದ. ನಾಚಿಕೆಯಿಂದಲೋ ಹಸಿವಿನಿಂದಲೋ ನಾನು ಎರಡನ್ನು ಒಟ್ಟಿಗೇ ಬಾಯಿಗೆ ತುರುಕಿಕೊಂಡೆ. ಅಷ್ಟರಲ್ಲಿ ಗುರುಶಾಂತನ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದ.

"ಗುರುಶಾಂತ ಅವರಾ? ನಾನು ಸುಮಲತಾ. ನೀವು ನಡೆದ ವಿಡಿಯೋ ನಿರ್ದೇಶಕರಿಗೆ ಕಳಿಸಿದ್ದೆ. ಮೊದಲ ಕಾವಲುಗಾರನ ಪಾತ್ರ ಕೊಟ್ಟಾಗಿದೆ, ಅದು ಆಗಲ್ಲ. ಆದ್ರೆ ಏಳರ ಹಿಂದೆ ಎಂಟನೆಯವನು ಬೇಕಂತೆ, ಮಾತಿಲ್ಲದವನು. ಮುಖ ಕಾಣಲ್ಲ, ಪರವಾಗಿಲ್ವಾ? ಮತ್ತೆ ಆ ನಡಿಗೆ ಯಾರು ಕಲಿಸಿದ್ದು? ಅವರನ್ನೂ ಕರ್ಕೊಂಡು ಬರ್ತೀರಾ? ಉಳಿದ ಏಳು ಜನಕ್ಕೂ ಕಲಿಸಬೇಕು."

ಗುರುಶಾಂತ ಫೋನಿಗೆ ಬಾಯಿ ಹಚ್ಚಿ, "ಸಾಕು ಮಾಡಲೇ ಪಾಲಾಕ್ಷ! ಹೆಂಗಸಿನ ದನಿ ಈ ಸಲ ಚಲೋ ಬಂದೈತಿ," ಎಂದ.

ಎಂದವನು ತಲೆಯೆತ್ತಿ ನನ್ನನ್ನು ನೋಡಿದ. ನಾನು ಅವನ ಎದುರಿಗೇ ನಿಂತಿದ್ದೆ. ಎರಡೂ ಕೆನ್ನೆ ಉಬ್ಬಿದ್ದವು, ತುಟಿಯ ನಡುವೆ ಮಿರ್ಚಿಯ ತೊಟ್ಟು ಇಣುಕುತ್ತಿತ್ತು. ನಾನಲ್ಲ ಎನ್ನಲು ಬಾಯಲ್ಲಿ ಜಾಗವಿರಲಿಲ್ಲ. ನಿಧಾನಕ್ಕೆ ಎಡಗೈ ಎತ್ತಿದೆ.

"ಹಲೋ? ಪಾಲಾಕ್ಷ ಯಾರು ಸರ್?" ಎಂದಿತು ಫೋನು.

ಹುಲುಗಪ್ಪ ಮಿರ್ಚಿಯ ಪೊಟ್ಟಣ ಕೈಬಿಟ್ಟ. ಶೈಲಾ ಬೆಂಚಿನ ಮೇಲೆ ಕೂತುಬಿಟ್ಟರು. ಅಂಗಡಿಯವನು ಕಾರಣ ತಿಳಿಯದೆಯೇ ನಗತೊಡಗಿದ. ಗುರುಶಾಂತ ಮಾತ್ರ ಫೋನಿಗೆ ಮತ್ತೆ ಬಾಯಿ ಹಚ್ಚಿದ. "ಬರ್ತೀವ್ರೀ ಮೇಡಂ! ಇಬ್ರೂ ಬರ್ತೀವಿ! ಮುಖ ಕಾಣದಿದ್ರ ಏನಾತ್ರಿ, ಮುಖದ ಮ್ಯಾಲೆ ಹೆಂಗೂ ಹಂಡೆ ಇರ್ತೈತಿ!" ಎಂದು ಕೂಗಿ, ಆ ಹಂಡೆಯನ್ನು ತಲೆಗೆ ಕವುಚಿಕೊಂಡು, ಹರಪನಹಳ್ಳಿಯ ನಡುಬೀದಿಯಲ್ಲಿ, ಹಾಡ ಹಗಲಲ್ಲಿ, ಎಲ್ಲರಿಗಿಂತ ಜೋರಾಗಿ ನಕ್ಕ. ತಾಮ್ರದೊಳಗಿನಿಂದ ಬಂದ ಆ ನಗುವನ್ನು ಇವತ್ತಿಗೂ ನನ್ನ ಗಂಟಲಿಗೆ ಅನುಕರಿಸಲು ಆಗಿಲ್ಲ.